ತಕ್ಕಡಿ ಒಂದೇ, ಕಲ್ಲು ಎರಡು



ನಮ್ಮ ಆದವಾನಿ ಹತ್ತಿ ವ್ಯಾಪಾರದ ಊರು. ತೆಲುಗಿನವರು ಆದೋನಿ ಎನ್ನುತ್ತಾರೆ, ನಮ್ಮ ಹಿರಿಯರ ಬಾಯಲ್ಲಿ ಅದು ಆದವಾನಿಯೇ. ಈಗ ಯಾರ್ಡಿನಲ್ಲಿ ಎಲೆಕ್ಟ್ರಾನಿಕ್ ಕಾಟಾ ಬಂದಿದೆ. ತಕ್ಕಡಿ, ಕಲ್ಲು ಇದ್ದ ಕಾಲದಲ್ಲಿ ರೈತರು ಒಂದು ಮಾತು ಹೇಳುತ್ತಿದ್ದರು: "ತಕ್ಕಡಿ ನೋಡಬ್ಯಾಡ, ಕಲ್ಲು ನೋಡು" ಅಂತ. ತಕ್ಕಡಿ ಎಲ್ಲರ ಕಣ್ಣೆದುರಿಗೇ ತೂಗುತ್ತಿರುತ್ತದೆ, ಅದರಲ್ಲಿ ಮೋಸ ಕಾಣುವುದಿಲ್ಲ. ಮೋಸ ಇರುವುದು ಕಲ್ಲಿನಲ್ಲಿ. ಕೊಳ್ಳುವಾಗ ಒಂದು ಕಲ್ಲು, ಮಾರುವಾಗ ಇನ್ನೊಂದು! ಈ ಮಾತು ನಮಗೆ ಮತ್ತೆ ನೆನಪಾದದ್ದು ತರಗತಿಯಲ್ಲಿ.

ಏಳನೆಯ ತರಗತಿಯ ಮಕ್ಕಳಿಗೆ ಒಂದು ದಿನ ಮಾರ್ಟಿನ್ ಲೂಥರ್ ಕಿಂಗ್ ಅವರ ಕಥೆ ಹೇಳುತ್ತಿದ್ದೆವು. 1955ರ ಡಿಸೆಂಬರಿನಲ್ಲಿ ಮಾಂಟ್ಗೊಮರಿ ಎಂಬ ಊರಿನಲ್ಲಿ ರೋಸಾ ಪಾರ್ಕ್ಸ್ ಎಂಬ ಹೆಣ್ಣುಮಗಳು ಬಸ್ಸಿನಲ್ಲಿ ಬಿಳಿಯರಿಗೆ ಸೀಟು ಬಿಡಲು ಒಪ್ಪದೆ ಜೈಲಿಗೆ ಹೋದದ್ದು, ಕರಿಯರೆಲ್ಲ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಬಸ್ಸು ಹತ್ತದೆ ನಡೆದುಕೊಂಡೇ ಕೆಲಸಕ್ಕೆ ಹೋದದ್ದು, ಎಲ್ಲ ಹೇಳಿದೆವು. ಒಬ್ಬ ಹುಡುಗಿ ಎದ್ದು ಕೇಳಿದಳು: "ಸಾರ್, ಅಲ್ಲಿ ಕರಿಯರು ನಮ್ಮಂಗೇನು?"

"ನಮ್ಮಂಗೆ ಅಂದ್ರೆ ಹೆಂಗವ್ವ?" ಎಂದೆವು.

"ಇಲ್ಲಿ ನಮ್ಮನ್ನ ಕನ್ನಡದವರು ಅಂತಾರ, ಬಳ್ಳಾರಿಗೆ ಹೋದ್ರೆ ಆಂಧ್ರದವರು ಅಂತಾರ."

ಮಕ್ಕಳೆಲ್ಲ ನಕ್ಕರು. ಆಗ ಹಿಂದಿನ ಸಾಲಿನಿಂದ ಒಬ್ಬ ಹುಡುಗ ಮೆಲ್ಲಗೆ, "ನಮ್ಮ ಕೇರಿಯೋರನ್ನ ಇಲ್ಲೂ ಅಲ್ಲೂ ಒಂದೇ ಹೆಸರಿಂದ ಕರೀತಾರ ಸಾರ್" ಎಂದ. ಯಾರೂ ನಗಲಿಲ್ಲ. ಅಷ್ಟರಲ್ಲಿ ಗಂಟೆ ಹೊಡೆಯಿತು. ನಿಜ ಹೇಳಬೇಕೆಂದರೆ, ಗಂಟೆ ಹೊಡೆದದ್ದು ನಮಗೆ ಒಳ್ಳೆಯದೇ ಆಯಿತು. ಏಕೆಂದರೆ ಎರಡು ಮಾತಿಗೂ ನಮ್ಮಲ್ಲಿ ಉತ್ತರ ಇರಲಿಲ್ಲ. ಈ ಲೇಖನ ಆ ಉತ್ತರವನ್ನು ಹುಡುಕುವ ಪ್ರಯತ್ನ.

ಮೊದಲೇ ಒಂದು ಮಾತು ಸ್ಪಷ್ಟವಾಗಿ ಹೇಳಿಬಿಡುತ್ತೇವೆ. ಅಮೆರಿಕಾದ ಕರಿಯರು ಗುಲಾಮಗಿರಿಯಲ್ಲಿ ಅನುಭವಿಸಿದ ಹಿಂಸೆಗೂ ಗಡಿಭಾಗದ ಕನ್ನಡಿಗರ ಕಷ್ಟಕ್ಕೂ ಹೋಲಿಕೆ ಇಲ್ಲ. ಮನುಷ್ಯರನ್ನು ಸಂತೆಯಲ್ಲಿ ಮಾರಿದ್ದೆಲ್ಲಿ, ಪುಸ್ತಕ ತಡವಾಗಿ ಬಂದದ್ದೆಲ್ಲಿ? ನಾವು ಹೋಲಿಸುತ್ತಿರುವುದು ನೋವನ್ನಲ್ಲ, ಕಲ್ಲನ್ನು. ಅಂದರೆ ಬಲವಿದ್ದವರು ಅಳತೆಯನ್ನು ತಮಗೆ ಬೇಕಾದಂತೆ ಬದಲಾಯಿಸುವ ಕ್ರಮವನ್ನು.

ಇದಕ್ಕೆ ಅಮೆರಿಕಾದ ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಆಗಿನ ಕಾನೂನಿನ ಪ್ರಕಾರ ಹೊರದೇಶದಿಂದ ಬಂದವರಲ್ಲಿ "ಬಿಳಿಯರು" ಮತ್ತು ಆಫ್ರಿಕಾ ಮೂಲದವರು ಮಾತ್ರ ಪೌರತ್ವ ಪಡೆಯಬಹುದಿತ್ತು. ತಾಕಾವೊ ಒಜಾವಾ ಎಂಬ ಜಪಾನಿನವರು ಪೌರತ್ವ ಕೇಳಿದರು. ನನ್ನ ಮೈಬಣ್ಣ ಬಿಳಿಯೇ ಅಲ್ಲವೇ ಎಂಬುದು ಅವರ ವಾದಗಳಲ್ಲೊಂದು. 1922ರ ನವೆಂಬರಿನಲ್ಲಿ ಕೋರ್ಟು ಹೇಳಿತು: ಮೈಬಣ್ಣ ಲೆಕ್ಕಕ್ಕಿಲ್ಲ, ಬಿಳಿಯ ಎಂದರೆ "ಕಕೇಶಿಯನ್" ಜನಾಂಗದವನು, ನೀವು ಆ ಜನಾಂಗದವರಲ್ಲ. ಸರಿ, ಹಾಗಾದರೆ ಜನಾಂಗವೇ ಕಲ್ಲು ಎಂದಾಯಿತು. ಮೂರು ತಿಂಗಳ ನಂತರ, 1923ರ ಫೆಬ್ರವರಿಯಲ್ಲಿ, ಪಂಜಾಬಿನ ಭಗತ್ ಸಿಂಗ್ ಥಿಂಡ್ ಅವರ ಮೊಕದ್ದಮೆ ಬಂತು. ಇವರು ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕಾದ ಸೈನ್ಯದಲ್ಲಿದ್ದವರು. ಆಗಿನ ಪಂಡಿತರ ವಿಂಗಡಣೆಯಂತೆ ಉತ್ತರ ಭಾರತದವರು ಕಕೇಶಿಯನ್ ಜನಾಂಗಕ್ಕೆ ಸೇರುತ್ತಾರೆ, ಆದ್ದರಿಂದ ಪೌರತ್ವ ಕೊಡಿ ಎಂದರು. ಕೋರ್ಟು ಏನು ಹೇಳಿತು ಗೊತ್ತೇ? ಪಂಡಿತರ ಮಾತು ಬೇಡ, ಸಾಮಾನ್ಯ ಮನುಷ್ಯ ಯಾರನ್ನು ಬಿಳಿಯ ಎನ್ನುತ್ತಾನೋ ಅವನೇ ಬಿಳಿಯ, ನೀವು ಅಲ್ಲ! ಎರಡೂ ತೀರ್ಪು ಬರೆದವರು ಒಬ್ಬರೇ, ನ್ಯಾಯಮೂರ್ತಿ ಸದರ್ಲೆಂಡ್. ತಕ್ಕಡಿ ಅದೇ, ತೂಗಿದ ಕೈಯೂ ಅದೇ, ಕಲ್ಲು ಮಾತ್ರ ಬೇರೆ. ಈ ತೀರ್ಪಿನ ಮೇಲೆ ಅದಾಗಲೇ ಪೌರತ್ವ ಸಿಕ್ಕಿದ್ದ ಎಷ್ಟೋ ಭಾರತೀಯರ ಪೌರತ್ವವನ್ನೂ ಕಿತ್ತುಕೊಂಡರು. ಭಾರತೀಯರಿಗೆ ಆ ಬಾಗಿಲು ಮತ್ತೆ ತೆರೆದದ್ದು 1946ರಲ್ಲಿ.

ಇದು ಹಳೆಯ ಕಥೆ ಎನ್ನಬೇಡಿ. 1986ರಲ್ಲಿ ಅಮೆರಿಕಾ ಮಾದಕ ವಸ್ತುಗಳ ಮೇಲೆ ಒಂದು ಕಾನೂನು ಮಾಡಿತು. ಕೊಕೇನ್ ಪುಡಿಯ ರೂಪದಲ್ಲಿ 500 ಗ್ರಾಂ ಮಾರಲು ಇಟ್ಟುಕೊಂಡು ಸಿಕ್ಕಿಬಿದ್ದರೆ ಕನಿಷ್ಠ 5 ವರ್ಷ ಸಜೆ. ಅದೇ ಕೊಕೇನ್ "ಕ್ರ್ಯಾಕ್" ಎಂಬ ಹರಳಿನ ರೂಪದಲ್ಲಿದ್ದರೆ ಬರೀ 5 ಗ್ರಾಂಗೆ ಅದೇ 5 ವರ್ಷ. ಕ್ರ್ಯಾಕ್ ಮೊಕದ್ದಮೆಗಳಲ್ಲಿ ಶಿಕ್ಷೆಯಾದವರಲ್ಲಿ ಬಹುಪಾಲು ಕರಿಯರು. ಒಂದಕ್ಕೆ ನೂರು ಎಂಬ ಈ ಲೆಕ್ಕ 2010ರವರೆಗೆ ನಡೆಯಿತು. ಆಮೇಲೂ ಸಮ ಮಾಡಲಿಲ್ಲ, ಒಂದಕ್ಕೆ ಹದಿನೆಂಟಕ್ಕೆ ಇಳಿಸಿದರು ಅಷ್ಟೇ. ಕಾನೂನಿನಲ್ಲಿ ಎಲ್ಲಿಯೂ ಕರಿಯ ಎಂಬ ಶಬ್ದವಿಲ್ಲ. ತಕ್ಕಡಿ ಸರಿಯಾಗಿಯೇ ಇದೆ!

ಇನ್ನು ನಮ್ಮ ಊರಿಗೆ ಬರೋಣ.

1800ರಲ್ಲಿ ಹೈದರಾಬಾದಿನ ನಿಜಾಮರು ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟರು. ಅಂದಿನಿಂದ ಇದಕ್ಕೆ ದತ್ತಮಂಡಲ ಎಂದು ಹೆಸರು. ಥಾಮಸ್ ಮನ್ರೋ ಇಲ್ಲಿನ ಮೊದಲ ಪ್ರಧಾನ ಕಲೆಕ್ಟರ್. 1808ರಲ್ಲಿ ಬಳ್ಳಾರಿ ಜಿಲ್ಲೆಯಾದಾಗ ಆದವಾನಿ, ಆಲೂರು, ರಾಯದುರ್ಗ ಎಲ್ಲವೂ ಅದರೊಳಗೇ ಇದ್ದವು. ಅಲ್ಲಿಂದ 1953ರವರೆಗೆ, ಅಂದರೆ 145 ವರ್ಷ, ನಮ್ಮ ಜಿಲ್ಲಾ ಕೇಂದ್ರ ಬಳ್ಳಾರಿಯೇ. ಹರಿದಾಸರಾದ ವಿಜಯದಾಸರು ದೇಹ ಬಿಟ್ಟ ಚಿಪ್ಪಗಿರಿ ಆಲೂರು ಸೀಮೆಯದು. ರಾಘವೇಂದ್ರ ಸ್ವಾಮಿಗಳ ಮಂತ್ರಾಲಯ ಆದವಾನಿ ಸೀಮೆಯದು. ಕನ್ನಡ, ತೆಲುಗು, ಉರ್ದು ಮೂರನ್ನೂ ಆಡುವ ಜನ. ಮನೆಯಲ್ಲಿ ಒಂದು, ಅಂಗಡಿಯಲ್ಲಿ ಒಂದು, ಯಾರಿಗೂ ಅದು ವಿಶೇಷ ಎನ್ನಿಸುತ್ತಿರಲಿಲ್ಲ.

ಮದ್ರಾಸ್ ಪ್ರಾಂತ್ಯದಲ್ಲಿ ತೆಲುಗರಿಗೆ ಒಂದು ದೊಡ್ಡ ದೂರಿತ್ತು. ಉದ್ಯೋಗ, ಅಧಿಕಾರ ಎಲ್ಲ ತಮಿಳರ ಪಾಲಾಗುತ್ತಿದೆ, ನಮ್ಮ ಭಾಷೆಯಲ್ಲಿ ನಮ್ಮ ಆಡಳಿತ ಬೇಕು ಎಂದು. 1913ರಲ್ಲಿ ಬಾಪಟ್ಲದಲ್ಲಿ ಮೊದಲ ಆಂಧ್ರ ಮಹಾಸಭೆ ಸೇರಿತು. ಕೊನೆಗೆ ಪೊಟ್ಟಿ ಶ್ರೀರಾಮುಲು ಅವರು 58 ದಿನ ಉಪವಾಸವಿದ್ದು 1952ರ ಡಿಸೆಂಬರ್ 15ರಂದು ಪ್ರಾಣ ಬಿಟ್ಟರು. ನ್ಯಾಯವಾದ ಬೇಡಿಕೆ, ದೊಡ್ಡ ತ್ಯಾಗ. ನಾವು ಪ್ರತಿ ವರ್ಷ ಮಕ್ಕಳಿಗೆ ಅವರ ಕಥೆಯನ್ನು ಗೌರವದಿಂದಲೇ ಹೇಳುತ್ತೇವೆ. 1953ರ ಅಕ್ಟೋಬರ್ 1ರಂದು ಕರ್ನೂಲು ರಾಜಧಾನಿಯಾಗಿ ಆಂಧ್ರ ರಾಜ್ಯ ಹುಟ್ಟಿತು. ಅದೇ ದಿನ ಬಳ್ಳಾರಿ ಜಿಲ್ಲೆ ಒಡೆಯಿತು. ಹತ್ತು ತಾಲೂಕುಗಳಲ್ಲಿ ಏಳು ಮೈಸೂರಿಗೆ, ಮೂರು ಆಂಧ್ರಕ್ಕೆ. ಆದವಾನಿ, ಆಲೂರು ಕರ್ನೂಲು ಜಿಲ್ಲೆಗೆ, ರಾಯದುರ್ಗ ಅನಂತಪುರಕ್ಕೆ ಸೇರಿದವು. ರಾತ್ರಿ ಮಲಗುವಾಗ ಬಳ್ಳಾರಿಯವರಾಗಿದ್ದ ನಮ್ಮ ಅಜ್ಜಂದಿರು ಬೆಳಿಗ್ಗೆ ಏಳುವಾಗ ಅಲ್ಪಸಂಖ್ಯಾತರಾಗಿದ್ದರು.

ಇಲ್ಲಿ ಕಲ್ಲುಗಳ ಆಟವನ್ನು ಗಮನಿಸಿ. ಬಳ್ಳಾರಿ ತಾಲೂಕು ಯಾರಿಗೆ ಎಂಬುದನ್ನು ತೀರ್ಮಾನಿಸಲು ಹೈದರಾಬಾದ್ ಹೈಕೋರ್ಟಿನ ಮುಖ್ಯ ನ್ಯಾಯಾಧೀಶ ಎಲ್.ಎಸ್. ಮಿಶ್ರಾ ಅವರನ್ನು ನೇಮಿಸಿದ್ದರು. ಅವರು ಎಲ್ಲವನ್ನೂ ಪರಿಶೀಲಿಸಿ ಮೈಸೂರಿಗೆ ಎಂದರು. ಎರಡೇ ವರ್ಷದಲ್ಲಿ, 1955ರಲ್ಲಿ, ಫಜಲ್ ಅಲಿ, ಕುಂಜ್ರು, ಪಣಿಕ್ಕರ್ ಅವರ ರಾಜ್ಯ ಪುನರ್ವಿಂಗಡಣಾ ಆಯೋಗ ತುಂಗಭದ್ರಾ ಯೋಜನೆಯನ್ನು ಮುಂದಿಟ್ಟುಕೊಂಡು ಬಳ್ಳಾರಿ, ಸಿರುಗುಪ್ಪ ಭಾಗ ಆಂಧ್ರಕ್ಕೆ ಹೋಗಲಿ ಎಂದಿತು. ನೆಲ ಅದೇ, ಜನ ಅವರೇ, ತೀರ್ಮಾನ ಬೇರೆ! ಕೊನೆಗೆ ಕೇಂದ್ರ ಸರ್ಕಾರ ಅದನ್ನು ಒಪ್ಪಲಿಲ್ಲ, ಬಳ್ಳಾರಿ ಮೈಸೂರಿನಲ್ಲೇ ಉಳಿಯಿತು.

ನಮ್ಮ ಮೂರು ತಾಲೂಕುಗಳನ್ನು ಆಂಧ್ರಕ್ಕೆ ಕೊಟ್ಟದ್ದು ಇಡೀ ತಾಲೂಕಿನ ಲೆಕ್ಕದಲ್ಲಿ. ತಾಲೂಕಿನ ಒಟ್ಟು ಲೆಕ್ಕದಲ್ಲಿ ತೆಲುಗರು ಹೆಚ್ಚು ಎಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಗಡಿಯ ಅಂಚಿನ ಊರೂರಿಗೆ ಹೋಗಿ ಮನೆಮಾತು ಯಾವುದು ಎಂದು ಕೇಳಿ ಗೆರೆ ಎಳೆಯಲಿಲ್ಲ. ಆಗದ ಕೆಲಸವೇನೂ ಅಲ್ಲ ಅದು. ಇದೇ ಆಂಧ್ರಕ್ಕೂ ಮದ್ರಾಸಿಗೂ ಗಡಿಜಗಳ ಬಂದಾಗ ಎಚ್.ವಿ. ಪಾಟಸ್ಕರ್ ಅವರು ಹಳ್ಳಿಯನ್ನೇ ಘಟಕವಾಗಿ ಹಿಡಿದು, ಹಳ್ಳಿ ಹಳ್ಳಿಯ ಬಹುಸಂಖ್ಯಾತ ಭಾಷೆ ನೋಡಿ ತೀರ್ಮಾನ ಮಾಡಿದರು. 1960ರ ಏಪ್ರಿಲ್‌ನಲ್ಲಿ ತಿರುತ್ತಣಿ ಸೀಮೆ ಮದ್ರಾಸಿಗೆ ಸೇರಿತು, ಕೆಲವು ಹಳ್ಳಿಗಳು ಆಂಧ್ರಕ್ಕೆ ಬಂದವು. ದಕ್ಷಿಣದ ಗಡಿಗೆ ಹಳ್ಳಿಯ ಕಲ್ಲು, ಪಶ್ಚಿಮದ ಗಡಿಗೆ ತಾಲೂಕಿನ ಕಲ್ಲು.

ಇಲ್ಲಿಗೆ ನಿಲ್ಲಿಸಿದರೆ ನಾವು ಕನ್ನಡಿಗರೆಲ್ಲ ಸೇರಿ ಚಪ್ಪಾಳೆ ತಟ್ಟಬಹುದು. ಆದರೆ ನಿಲ್ಲಿಸುವ ಹಾಗಿಲ್ಲ. ಬೆಳಗಾವಿಯ ಕಡೆ ನೋಡಿ. ಅಲ್ಲಿ ಮಹಾರಾಷ್ಟ್ರದವರು ಇದೇ ಪಾಟಸ್ಕರ್ ಸೂತ್ರ ಹಿಡಿದು 814 ಊರು ಕೇಳಿದರು. ಹಳ್ಳಿಯನ್ನು ಘಟಕ ಮಾಡುವುದು ಬೇಡವೇ ಬೇಡ ಎಂದದ್ದು ಯಾರು? ನಮ್ಮ ಕರ್ನಾಟಕವೇ! 1967ರಲ್ಲಿ ಮಹಾಜನ ಆಯೋಗದ ವರದಿ ಬಂತು. ಕರ್ನಾಟಕ ಅದೇ ಅಂತಿಮ ಎನ್ನುತ್ತದೆ. ಮಹಾರಾಷ್ಟ್ರ ತಾನೇ ಕೇಳಿ ಮಾಡಿಸಿಕೊಂಡ ಆಯೋಗವನ್ನು ತಾನೇ ತಿರಸ್ಕರಿಸಿತು. ಚಂದ್ರಗಿರಿ ನದಿಯ ಉತ್ತರದ ಕಾಸರಗೋಡು ಮೈಸೂರಿಗೆ ಎಂದು ಬರೆದದ್ದನ್ನು ಕೇರಳ ಕಣ್ಣೆತ್ತಿ ನೋಡಲಿಲ್ಲ. ಆಲೂರಿನಲ್ಲಿ ಕುಳಿತ ನಮಗೆ ಹಳ್ಳಿಯ ಕಲ್ಲು ನ್ಯಾಯ, ಬೆಳಗಾವಿಯಲ್ಲಿ ಕುಳಿತ ನಮ್ಮವರಿಗೆ ಅದೇ ಕಲ್ಲು ಅನ್ಯಾಯ.

ಗಡಿಯ ಮಾತು ಸಾಕು, ಶಾಲೆಯ ಮಾತಿಗೆ ಬರೋಣ. ಗಡಿ ಎಲ್ಲಿದ್ದರೂ ಮಕ್ಕಳಿಗೆ ಬೇಕಾದದ್ದು ಪಾಠ.

1949ರಲ್ಲಿಯೇ ಪ್ರಾಂತ್ಯಗಳ ಶಿಕ್ಷಣ ಮಂತ್ರಿಗಳ ಸಮ್ಮೇಳನ ಒಂದು ನಿಯಮ ಮಾಡಿತ್ತು. ಶಾಲೆಯಲ್ಲಿ ಒಂದು ಮಾತೃಭಾಷೆಯ 40 ಮಕ್ಕಳು ಅಥವಾ ತರಗತಿಯಲ್ಲಿ 10 ಮಕ್ಕಳಿದ್ದರೆ ಆ ಭಾಷೆಯಲ್ಲಿ ಪಾಠ ಹೇಳಲು ಒಬ್ಬ ಶಿಕ್ಷಕರನ್ನು ಕೊಡಬೇಕು ಎಂದು. 1956ರಲ್ಲಿ ಸಂವಿಧಾನದ ಏಳನೆಯ ತಿದ್ದುಪಡಿ ಬಂದು 350ಎ ವಿಧಿ ಸೇರಿತು. ಅದರಂತೆ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸಲು ಪ್ರತಿ ರಾಜ್ಯವೂ ಪ್ರಯತ್ನಿಸಬೇಕು. 350ಬಿ ವಿಧಿಯಂತೆ ಇದನ್ನು ನೋಡಿಕೊಳ್ಳಲು ಒಬ್ಬ ವಿಶೇಷ ಅಧಿಕಾರಿ. ಕಾಗದದ ಮೇಲೆ ಎಲ್ಲವೂ ಸೊಗಸಾಗಿದೆ.

ಕಾಗದದಿಂದ ಕೆಳಗಿಳಿದರೆ ಬೇರೆ. ಕೆಲವು ವರ್ಷ ಕನ್ನಡ ಪುಸ್ತಕಗಳು ದಸರಾ ಹತ್ತಿರ ಬಂದರೂ ನಮ್ಮ ಶಾಲೆ ಮುಟ್ಟಿರಲಿಲ್ಲ. ನಾವು ತೆಲುಗು ಪುಸ್ತಕವನ್ನು ಎಡಗೈಯಲ್ಲಿ ಹಿಡಿದು, ಬಾಯಲ್ಲಿ ಕನ್ನಡ ಮಾಡುತ್ತ, ಬಲಗೈಯಲ್ಲಿ ಬೋರ್ಡಿನ ಮೇಲೆ ಬರೆದದ್ದುಂಟು. ಕೇಳಿದರೆ ಮೇಲಿನವರು ಹೇಳುತ್ತಿದ್ದುದು ಒಂದೇ ಮಾತು: "ಎಲ್ಲರಿಗೂ ಒಂದೇ ರೂಲು ಮಾಸ್ಟ್ರೇ, ನಿಮಗೇನು ಬೇರೆ?" ತರಬೇತಿ ತೆಲುಗಿನಲ್ಲಿ, ಸುತ್ತೋಲೆ ತೆಲುಗಿನಲ್ಲಿ, ಎಲ್ಲರಿಗೂ ಸಮಾನ!

ಇದೇ ಮಾತನ್ನು ಅಮೆರಿಕಾದ ಸ್ಯಾನ್ ಫ್ರಾನ್ಸಿಸ್ಕೋ ನಗರದ ಶಾಲೆಗಳೂ ಹೇಳಿದ್ದವು. ಅಲ್ಲಿ ಇಂಗ್ಲಿಷ್ ಬಾರದ ಸುಮಾರು 1,800 ಚೀನೀ ಮಕ್ಕಳಿಗೆ ಯಾವ ವಿಶೇಷ ಸಹಾಯವೂ ಸಿಗುತ್ತಿರಲಿಲ್ಲ. ಎಲ್ಲರಿಗೂ ಅದೇ ಕಟ್ಟಡ, ಅದೇ ಪುಸ್ತಕ, ಅದೇ ಶಿಕ್ಷಕರು, ತಾರತಮ್ಯ ಎಲ್ಲಿದೆ ಎಂಬುದು ಆಡಳಿತದ ವಾದ. 1974ರ ಜನವರಿಯಲ್ಲಿ "ಲಾವ್ ವಿರುದ್ಧ ನಿಕೋಲ್ಸ್" ಮೊಕದ್ದಮೆಯಲ್ಲಿ ಅದೇ ಸುಪ್ರೀಂ ಕೋರ್ಟು ಆ ವಾದವನ್ನು ತಳ್ಳಿಹಾಕಿತು. ಭಾಷೆಯೇ ತಿಳಿಯದ ಮಗುವಿನ ಕೈಗೆ ಅದೇ ಪುಸ್ತಕ ಕೊಟ್ಟ ಮಾತ್ರಕ್ಕೆ ಸಮಾನತೆ ಆಗುವುದಿಲ್ಲ ಎಂಬುದು ಆ ತೀರ್ಪಿನ ಸಾರ. ಹಳೆಯ ತಪ್ಪು ಕಲ್ಲನ್ನು ಅದೇ ದೇಶ ಕೆಲವೊಮ್ಮೆ ತಾನೇ ತೆಗೆದು ಬಿಸಾಡಿದ್ದೂ ಉಂಟು ಎಂಬುದನ್ನು ಒಪ್ಪಬೇಕು.

ನಮ್ಮ ಸ್ವಂತ ಅನುಭವ ಒಂದು. ನಾವು ಟಿಸಿಎಚ್ ಮಾಡಿದ್ದು ಗಡಿಯಾಚೆ, ಕರ್ನಾಟಕದಲ್ಲಿ. ಏಕೆಂದರೆ ಕನ್ನಡದಲ್ಲಿ ಕಲಿಸುವುದನ್ನು ಕನ್ನಡದಲ್ಲಿ ಕಲಿಯುವ ಆಸೆ. ಮುಗಿಸಿ ಬಂದು ಇಲ್ಲಿ ಅರ್ಜಿ ಹಾಕಿದರೆ, ಒಂದು ಕಚೇರಿಯಲ್ಲಿ "ಇದು ಬೇರೆ ರಾಜ್ಯದ ಸರ್ಟಿಫಿಕೇಟು" ಎಂದು ತಿಂಗಳುಗಟ್ಟಲೆ ಅಲೆಸಿದರು. ಬೇಸತ್ತು ಗಡಿಯಾಚೆ ಒಂದು ಕಡೆ ಕೇಳಿದರೆ "ನೀವು ಬೇರೆ ರಾಜ್ಯದವರು" ಎಂದರು. ಸರ್ಟಿಫಿಕೇಟು ಆ ಕಡೆಯದು, ಮನುಷ್ಯ ಈ ಕಡೆಯವನು. ಥಿಂಡ್ ಅವರ ಮೊಕದ್ದಮೆ ಓದಿದಾಗ ನಮಗೆ ನಗು ಬಂದದ್ದು ಈ ಕಾರಣಕ್ಕೆ.

ಆದರೆ ಇಲ್ಲಿಯೂ ಕನ್ನಡಿ ಹಿಡಿದುಕೊಳ್ಳಬೇಕು. 2015ರಲ್ಲಿ ಕರ್ನಾಟಕ ಸರ್ಕಾರ ರಾಜ್ಯದ ಶಾಲೆಗಳಲ್ಲಿ ಕನ್ನಡ ಕಲಿಕೆ ಕಡ್ಡಾಯ ಎಂದು ಕಾನೂನು ಮಾಡಿತು. ನಾವೆಲ್ಲ ಸಂತೋಷಪಟ್ಟೆವು. ಎರಡು ವರ್ಷ ಕಳೆದು 2017ರಲ್ಲಿ ಕೇರಳ ಮಲಯಾಳ ಕಡ್ಡಾಯ ಮಾಡಿದಾಗ ಕಾಸರಗೋಡಿನ ಕನ್ನಡಿಗರು ಬೀದಿಗಿಳಿದರು. ನಾವೆಲ್ಲ ದುಃಖಪಟ್ಟೆವು. ಸಂತೋಷ, ದುಃಖ ಎರಡೂ ಪ್ರಾಮಾಣಿಕವೇ. ಆದರೆ ಎರಡನ್ನೂ ತೂಗಿದ ಕಲ್ಲು ಒಂದೇ ಆಗಿತ್ತೇ? ಬಳ್ಳಾರಿಯ ತೆಲುಗು ಮನೆಯ ಮಗುವಿಗೂ, ಬೆಳಗಾವಿಯ ಮರಾಠಿ ಮನೆಯ ಮಗುವಿಗೂ 350ಎ ವಿಧಿಯೇ ಆಧಾರ ಎಂಬುದು ನಮಗೆ ಎಷ್ಟು ಸಲ ನೆನಪಾಗಿದೆ?

ತೆಲುಗು ಮಿತ್ರರಿಗೂ ಇದೇ ಪಾಠ ಬೇರೆ ದಾರಿಯಿಂದ ಬಂತು. 2019ರ ನವೆಂಬರಿನಲ್ಲಿ ಆಂಧ್ರ ಸರ್ಕಾರ ಸರ್ಕಾರಿ ಶಾಲೆಗಳೆಲ್ಲ ಇಂಗ್ಲಿಷ್ ಮಾಧ್ಯಮ ಆಗಲಿ ಎಂದು ಆದೇಶ ಹೊರಡಿಸಿತು. ಆಗ ತೆಲುಗು ಸಾಹಿತಿಗಳು, ಶಿಕ್ಷಕರು, ಮಗುವಿಗೆ ತಾಯಿನುಡಿಯಲ್ಲೇ ವಿದ್ಯೆ ಹತ್ತುತ್ತದೆ ಎಂದು ವಾದಿಸಿದರು. 2020ರ ಏಪ್ರಿಲ್ 15ರಂದು ಹೈಕೋರ್ಟು ಆ ಆದೇಶವನ್ನು ರದ್ದು ಮಾಡಿತು. ಆಮೇಲೂ ಇಂಗ್ಲಿಷಿನ ಒತ್ತಡ ಕಡಿಮೆಯಾಗಲಿಲ್ಲ, ಅದು ಬೇರೆ ಮಾತು. ನಮ್ಮ ಸಹೋದ್ಯೋಗಿ ತೆಲುಗು ಮಾಸ್ತರರೊಬ್ಬರು ಆಗ, "ನೀವು ಇಷ್ಟು ವರ್ಷ ಹೇಳ್ತಿದ್ದದ್ದು ಇದೇ ಅಲ್ಲವೇನ್ರಿ!" ಎಂದರು. ಹೌದು, ಇದೇ. ಅವರು ನಕ್ಕರು, ನಾವೂ ನಕ್ಕೆವು. ಆ ದಿನ ಚಹಾದ ದುಡ್ಡು ಅವರೇ ಕೊಟ್ಟರು.

ಈಗ ಹಿಂದಿನ ಸಾಲಿನ ಆ ಹುಡುಗನ ಮಾತು.

1959ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಭಾರತಕ್ಕೆ ಬಂದಿದ್ದರು. ತಿರುವನಂತಪುರದಲ್ಲಿ ಅಸ್ಪೃಶ್ಯರೆನಿಸಿಕೊಂಡಿದ್ದ ಮನೆಗಳ ಮಕ್ಕಳೇ ಹೆಚ್ಚಾಗಿ ಓದುತ್ತಿದ್ದ ಶಾಲೆಗೆ ಹೋದರು. ಅಲ್ಲಿನ ಮುಖ್ಯೋಪಾಧ್ಯಾಯರು ಮಕ್ಕಳಿಗೆ ಇವರನ್ನು ಪರಿಚಯಿಸುತ್ತ, ಇವರು ಅಮೆರಿಕಾದಿಂದ ಬಂದ ನಮ್ಮಂತೆಯೇ ಒಬ್ಬ ಅಸ್ಪೃಶ್ಯರು ಎಂದರಂತೆ. ಕಿಂಗ್ ಅವರಿಗೆ ಒಂದು ಕ್ಷಣ ಆಘಾತವಾಯಿತು. ಆಮೇಲೆ ತಮ್ಮ ದೇಶದ ಕೋಟ್ಯಂತರ ಕರಿಯರ ಬದುಕನ್ನು ನೆನೆದು, ಹೌದು, ನಾನು ಅಸ್ಪೃಶ್ಯನೇ ಎಂದುಕೊಂಡರು. 1965ರಲ್ಲಿ ತಮ್ಮ ಚರ್ಚಿನ ಪ್ರವಚನದಲ್ಲಿ ಅವರೇ ಇದನ್ನು ಹೇಳಿಕೊಂಡಿದ್ದಾರೆ. 1946ರಲ್ಲಿ ಅಂಬೇಡ್ಕರ್ ಅವರು ಕರಿಯರ ನಾಯಕ ಡುಬಾಯ್ಸ್ ಅವರಿಗೆ ಪತ್ರ ಬರೆದು, ನಮ್ಮವರ ಸ್ಥಿತಿಗೂ ನಿಮ್ಮವರ ಸ್ಥಿತಿಗೂ ಬಹಳ ಹೋಲಿಕೆಯಿದೆ ಎಂದಿದ್ದರು. ಅಂದರೆ ಅಮೆರಿಕಾದ ಕರಿಯರು ಯಾರ ಹಾಗೆ ಎಂಬ ಪ್ರಶ್ನೆಗೆ ಉತ್ತರ ಬಹಳ ಹಿಂದೆಯೇ ಸಿಕ್ಕಿತ್ತು. ಉತ್ತರ ನಮ್ಮ ಹಿಂದಿನ ಸಾಲಿನಲ್ಲೇ ಕೂತಿತ್ತು.

ನಾವು ಸಣ್ಣವರಿದ್ದಾಗ ನಮ್ಮೂರ ಹೋಟೆಲಿನಲ್ಲಿ ಎರಡು ಬಗೆಯ ಲೋಟ ಇದ್ದವು. ಒಂದು ಒಳಗೆ, ಒಂದು ಹೊರಗೆ ಗೂಟಕ್ಕೆ. ಒಳಗಿನ ಲೋಟದಲ್ಲಿ ಕುಡಿಯುವವರಲ್ಲಿ ಕನ್ನಡದವರೂ ಇದ್ದರು, ತೆಲುಗಿನವರೂ ಇದ್ದರು. ಅಲ್ಲಿ ಯಾವ ಗಡಿಜಗಳವೂ ಇರಲಿಲ್ಲ! ಈಗ ಆ ಲೋಟ ಇಲ್ಲ. ಆದರೆ ಕಳೆದ ಸಲ ಶಾಲೆಯ ಪೋಷಕರ ಸಭೆಯ ಫೋಟೋ ತೆಗೆದು ನೋಡಿದೆವು. ಕುರ್ಚಿಯ ಮೇಲೆ ಯಾರು, ಹಿಂದೆ ಗೋಡೆಗೆ ಆತು ನಿಂತವರು ಯಾರು? ಆ ಹುಡುಗನ ತಾಯಿ ನಿಂತಿದ್ದರು. ಎರಡು ಕುರ್ಚಿ ಖಾಲಿ ಇದ್ದವು. ಕೂಡಿ ಎಂದು ನಾವು ಹೇಳಿರಲಿಲ್ಲ. ನಮಗೆ ಅದು ಕಂಡೇ ಇರಲಿಲ್ಲ. ಕನ್ನಡ ಮಕ್ಕಳಿಗೆ ಅನ್ಯಾಯ ಎಂದು ಅರ್ಜಿ ಬರೆದ ಕೈ ನಮ್ಮದೇ.

ಮರುದಿನ ತರಗತಿಗೆ ಹೋಗಿ ಮೊದಲು ಆ ಹುಡುಗಿಗೆ ಹೇಳಿದೆವು: ಕರಿಯರು ಪೂರಾ ನಮ್ಮಂಗಲ್ಲ, ಅವರ ಕಷ್ಟ ಬಹಳ ದೊಡ್ಡದು. ಆದರೆ ನಮಗೂ ಅವರಿಗೂ ಕಲ್ಲು ಬದಲಾಯಿಸಿ ತೂಗಿದ್ದಾರೆ, ಅಷ್ಟು ನಿಜ. ಆಮೇಲೆ ಹುಡುಗನಿಗೆ ಹೇಳಿದೆವು: ನೀನು ಹೇಳಿದ್ದು ಸರಿ, ನಿನ್ನೆ ನಾವು ಉತ್ತರ ಕೊಡಲಿಲ್ಲ, ಅದು ನಮ್ಮ ತಪ್ಪು. ಅವನು ತಲೆ ತಗ್ಗಿಸಿ, "ಇರ್ಲಿ ಬಿಡ್ರಿ ಸಾರ್" ಎಂದ.

ಮುಂದಿನ ಸಭೆಯಲ್ಲಿ ಕುರ್ಚಿ ಹಾಕಲಿಲ್ಲ. ಎಲ್ಲರಿಗೂ ಜಮಖಾನೆ ಹಾಸಿದೆವು, ನಾವೂ ಕೆಳಗೇ ಕುಳಿತೆವು. ಇದು ದೊಡ್ಡ ಕೆಲಸವೇನಲ್ಲ. ಒಬ್ಬಿಬ್ಬರು ಮೊಣಕಾಲು ನೋವು ಎಂದು ಗೊಣಗಿದರು, ಒಬ್ಬರು ಸಭೆಗೇ ಬರಲಿಲ್ಲ. ಆ ತಾಯಿ ಮಾತ್ರ ಬಂದು ಮಧ್ಯದಲ್ಲಿ ಕುಳಿತು, ಮಗನ ಲೆಕ್ಕದ ನೋಟುಬುಕ್ಕನ್ನು ಎಲ್ಲರೆದುರು ತೆಗೆದು, ಈ ಲೆಕ್ಕ ಯಾಕೆ ತಪ್ಪು ಹಾಕಿದ್ದೀರಿ ಎಂದು ನಮ್ಮನ್ನೇ ಕೇಳಿದರು. ನೋಡಿದರೆ ಲೆಕ್ಕ ಸರಿಯಾಗಿತ್ತು. ತಪ್ಪು ನಮ್ಮದು. ತಿದ್ದಿ ಕೊಟ್ಟೆವು.